ಗಾಡಿಯೇನೋ ಸಿಕ್ಕಿತು, ನಿಲ್ಲಿಸೋಕೆ ಜಾಗ ಎಲ್ಲಿ?

ಸಂಪಾದಕರೇ,

ಕಳೆದ ತಿಂಗಳು ಮನೆಮಂದಿಯೆಲ್ಲ ಸೇರಿ ಒಂದು ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡೆವು. ಏಳು ಮೀಟರ್ ಉದ್ದ, ಒಳಗೆ ಒಲೆ, ಹಾಸಿಗೆ, ಶೌಚಾಲಯ ಎಲ್ಲ ಇದೆ. ನಂದಿ ಬೆಟ್ಟ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಅಷ್ಟೇ, ಆದರೆ ಆ ತಿರುವುಗಳಲ್ಲಿ ಇಷ್ಟುದ್ದದ ಗಾಡಿ ಹತ್ತಿಸುವ ಧೈರ್ಯ ಬರಲಿಲ್ಲ. ರಾಮನಗರದ ಕಡೆಯ ಒಂದು ರೆಸಾರ್ಟಿಗೆ ಫೋನ್ ಮಾಡಿದರೆ ‘ಬನ್ನಿ ಸಾರ್, ಬೇಕಾದಷ್ಟು ಜಾಗ ಇದೆ’ ಅಂದರು, ಹೋಗಿ ನೋಡಿದರೆ ಗೇಟಿನ ಕಮಾನಿಗೆ ನಮ್ಮ ಗಾಡಿಯ ಛಾವಣಿ ಮೇಲಿನ ಎಸಿ ತಗಲುತ್ತಿತ್ತು! ಕೊನೆಗೆ ಹೆದ್ದಾರಿ ಪಕ್ಕ ಲಾರಿಗಳ ನಡುವೆ ಮಲಗಿದೆವು. ಬೆಳಗ್ಗೆ ಡ್ರೈವರ್ ಒಬ್ಬರು ‘ಏನ್ ಸಾರ್ ಲೋಡು?’ ಅಂತ ಕೇಳಿದರು. ನಮ್ಮತ್ತೆ ಮತ್ತು ಚಿತ್ರಾನ್ನ ಅಂದೆ.

ಟೆಂಟ್ ಹಾಕುವ ಜಾಗಗಳು ಸುತ್ತಮುತ್ತ ಬೇಕಾದಷ್ಟಿವೆ. ಈ ಗಾಡಿಗೆ ಬೇಕಾದದ್ದೇ ಬೇರೆ. ಮಳೆ ಬಂದರೂ ಚಕ್ರ ಹೂತುಹೋಗದ ಗಟ್ಟಿ ನೆಲ, 16 ಆಂಪಿಯರ್ ಪ್ಲಗ್, ನಲ್ಲಿ ನೀರು, ಎಲ್ಲಕ್ಕಿಂತ ಜಾಸ್ತಿ ಶೌಚದ ಟ್ಯಾಂಕ್ ಖಾಲಿ ಮಾಡಲು ಸರಿಯಾದ ಗುಂಡಿ. ಅದಿಲ್ಲದಿದ್ದರೆ ಜನ ಕೆರೆಗೋ ಚರಂಡಿಗೋ ಸುರಿದು ಹೋಗ್ತಾರೆ, ಅಲ್ವಾ? ತುಮಕೂರು ರಸ್ತೆಯಲ್ಲೊಂದು, ಮೈಸೂರು ರಸ್ತೆಯಲ್ಲೊಂದು ಇಂಥ ಜಾಗ ಮಾಡಲಿ. ಸುಮ್ನೆ ಬೇಡ, ಬಾಡಿಗೆ ಕೊಡುತ್ತೇವೆ.

– ಓದುಗ, ರಾಜಾಜಿನಗರ, ಬೆಂಗಳೂರು