'ದರೋಡೆ' ಎಂದು ಬರೆಯುವ ಮುನ್ನ ಕಲಂ ನೋಡಿ

ಮಾನ್ಯ ಸಂಪಾದಕರೇ,

ಬೀಗ ಹಾಕಿದ ಮನೆಗೆ ರಾತ್ರಿ ಕಳ್ಳರು ನುಗ್ಗಿದರೂ ದರೋಡೆ, ಬೈಕಿನಲ್ಲಿ ಬಂದವರು ಸರ ಕಿತ್ತುಕೊಂಡು ಹೋದರೂ ದರೋಡೆ, ಮೊಬೈಲಿಗೆ ಬಂದ ಲಿಂಕ್ ಒತ್ತಿ ಹಣ ಕಳೆದುಕೊಂಡರೂ ದರೋಡೆ. ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಈ ಒಂದೇ ಪದ ಎಲ್ಲದಕ್ಕೂ ದುಡಿಯುತ್ತಿದೆ. ಇಂಗ್ಲಿಷಿನ ಥೆಫ್ಟ್, ಬರ್ಗ್ಲರಿ, ಎಕ್ಸ್‌ಟಾರ್ಷನ್, ರಾಬರಿ, ಡಕಾಯಿಟಿ ಎಂಬ ಐದು ಪದಗಳು ಸುದ್ದಿಮನೆಯಲ್ಲಿ ಕನ್ನಡಕ್ಕೆ ಬರುವಷ್ಟರಲ್ಲಿ ಒಂದಾಗಿಬಿಡುತ್ತವೆ. ಕಾನೂನಿನ ಕಣ್ಣಲ್ಲಿ ಇವು ಒಂದಲ್ಲ.

ಥೆಫ್ಟ್ ಎಂದರೆ ಕಳವು. ಒಬ್ಬರ ಸ್ವಾಧೀನದಲ್ಲಿರುವ ಚರ ಸ್ವತ್ತನ್ನು ಅವರ ಒಪ್ಪಿಗೆಯಿಲ್ಲದೆ, ದುರುದ್ದೇಶದಿಂದ ಇದ್ದ ಜಾಗದಿಂದ ಕದಲಿಸಿದರೆ ಸಾಕು. ಬಸ್ಸಿನಲ್ಲಿ ಜೇಬು ಕತ್ತರಿಸುವುದು, ನಿಲ್ಲಿಸಿದ ಸ್ಕೂಟರ್ ಒಯ್ಯುವುದು ಎಲ್ಲ ಇದೇ. ಹಳೆಯ ದಂಡ ಸಂಹಿತೆಯ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಮೊದಲ ಬಾರಿಗೆ 3 ವರ್ಷದವರೆಗೆ ಶಿಕ್ಷೆ. ವಾಸದ ಮನೆ, ವಾಹನ, ಪೂಜಾಸ್ಥಳದಲ್ಲಿ ಕದ್ದರೆ 305ನೇ ಕಲಂ, 7 ವರ್ಷದವರೆಗೆ. ಸರ, ಮೊಬೈಲ್ ಕಿತ್ತುಕೊಂಡು ಓಡುವುದಕ್ಕೆ 2024ರ ಜುಲೈ 1ರಿಂದ 304ನೇ ಕಲಂ ಪ್ರತ್ಯೇಕವಾಗಿಯೇ ಬಂದಿದೆ; ಹಳೆಯ ದಂಡ ಸಂಹಿತೆಯಲ್ಲಿ ಸ್ನ್ಯಾಚಿಂಗ್ ಎಂಬ ಬೇರೆ ಅಪರಾಧ ಇರಲಿಲ್ಲ. 'ಸರಗಳವು' ಎಂಬ ಒಳ್ಳೆಯ ಪದ ನಮ್ಮಲ್ಲಿದೆ, ಅದನ್ನೇ ಬಳಸಬಹುದು.

ಎಕ್ಸ್‌ಟಾರ್ಷನ್‌ನಲ್ಲಿ ಅಪರಾಧಿ ತಾನಾಗಿ ಕೈಹಾಕಿ ತೆಗೆದುಕೊಳ್ಳುವುದಿಲ್ಲ, ಹೆದರಿದವನು ತಾನೇ ಕೊಡುತ್ತಾನೆ. 'ದುಡ್ಡು ಕೊಡದಿದ್ದರೆ ಅಂಗಡಿ ಸುಡುತ್ತೇವೆ' ಎಂದು ಫೋನಿನಲ್ಲಿ ಬೆದರಿಸಿ ಹಣ ತರಿಸಿಕೊಳ್ಳುವುದು ಇದಕ್ಕೆ ಸರಿಯಾದ ಉದಾಹರಣೆ (308ನೇ ಕಲಂ). 'ಬೆದರಿಸಿ ವಸೂಲಿ' ಎಂದರೆ ಯಾರಿಗೂ ಅರ್ಥವಾಗುತ್ತದೆ.

ಹೆಚ್ಚು ಎಡವುವುದು ರಾಬರಿಯಲ್ಲಿ. ಪೊಲೀಸ್ ಠಾಣೆಯ ಕನ್ನಡದಲ್ಲಿ ಇದು ಸುಲಿಗೆ, 309ನೇ ಕಲಂ. ಪ್ರತಿ ರಾಬರಿಯ ಒಳಗೂ ಒಂದು ಕಳವೋ ಬೆದರಿಕೆ ವಸೂಲಿಯೋ ಇರಲೇಬೇಕು. ಅದಕ್ಕೆ ಹಿಂಸೆ ಅಥವಾ ಆ ಕ್ಷಣದ ಹಿಂಸೆಯ ಭಯ ಸೇರಬೇಕು. ಆ ಹಿಂಸೆ ಕಳವಿಗಾಗಿಯೇ ಅಥವಾ ಕದ್ದ ಮಾಲನ್ನು ಒಯ್ಯುವುದಕ್ಕಾಗಿಯೇ ನಡೆದಿರಬೇಕು ಎಂಬುದು ಮುಖ್ಯ. ಅಡ್ಡ ಬಂದ ಮನೆಯಾತನಿಗೆ ಚಾಕು ಹಾಕಿ ಒಡವೆಯ ಗಂಟು ಹೊತ್ತೊಯ್ದರೆ ಸುಲಿಗೆ. ಗಂಟನ್ನು ಅಲ್ಲೇ ಎಸೆದು, ಕೇವಲ ತಪ್ಪಿಸಿಕೊಳ್ಳಲು ಹೊಡೆದು ಓಡಿದರೆ ಅದು ಕಳವು ಮತ್ತು ಹಲ್ಲೆ. ಸುಲಿಗೆಗೆ 10 ವರ್ಷದವರೆಗೆ, ಸೂರ್ಯಾಸ್ತ ಮತ್ತು ಸೂರ್ಯೋದಯದ ನಡುವೆ ಹೆದ್ದಾರಿಯಲ್ಲಿ ನಡೆದರೆ 14 ವರ್ಷದವರೆಗೆ ಕಠಿಣ ಸಜೆ.

ಡಕಾಯಿಟಿಗೂ ರಾಬರಿಗೂ ಇರುವ ವ್ಯತ್ಯಾಸ ತಲೆ ಎಣಿಕೆಯದ್ದು. ಐವರು ಅಥವಾ ಹೆಚ್ಚು ಮಂದಿ ಒಟ್ಟಾಗಿ ಸುಲಿಗೆ ಮಾಡಿದರೆ, ಮಾಡಲು ಯತ್ನಿಸಿದರೂ ಸಹ, 310ನೇ ಕಲಂ, ಶಿಕ್ಷೆ ಜೀವಾವಧಿಯವರೆಗೆ. ಸ್ಥಳದಲ್ಲಿದ್ದು ನೆರವಾದವರೂ ಎಣಿಕೆಗೆ ಸೇರುತ್ತಾರೆ. ಸಿಕ್ಕಿಬಿದ್ದವರು ಮೂವರೇ ಎಂದು ಪದ ಬದಲಿಸಬಾರದು, ಕೃತ್ಯದಲ್ಲಿ ಎಷ್ಟು ಜನ ಇದ್ದರು ಎಂಬುದೇ ಲೆಕ್ಕ. ಈ ಪದ ಇಂಗ್ಲಿಷಿಗೆ ಹೋದದ್ದೇ ನಮ್ಮ ನೆಲದಿಂದ. ದರೋಡೆ ಎಂಬ ಪದವನ್ನು ಇದೊಂದಕ್ಕೇ ಮೀಸಲಿಟ್ಟರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ಇನ್ನು ಬರ್ಗ್ಲರಿ. ನಮ್ಮ ಸಂಹಿತೆಯಲ್ಲಿ ಆ ಹೆಸರಿನ ಅಪರಾಧವೇ ಇಲ್ಲ. ಮನೆ ಒಡೆದು ಒಳನುಗ್ಗುವುದಕ್ಕೆ 331ನೇ ಕಲಂ ಇದೆ, ಜೊತೆಗೆ ಕಳವಿನ ಕಲಂ ಸೇರುತ್ತದೆ. ಕನ್ನಡದಲ್ಲಿ ಕನ್ನಗಳವು. ರಾತ್ರಿ ಗೋಡೆ ಕೊರೆದು ಬ್ಯಾಂಕಿನ ಲಾಕರ್ ಖಾಲಿ ಮಾಡಿದ್ದು ಎಷ್ಟೇ ದೊಡ್ಡ ಮೊತ್ತವಾದರೂ ಕನ್ನಗಳವೇ. ಅಲ್ಲಿ ಹೆದರಿಸಲು, ಹೊಡೆಯಲು ಯಾರೂ ಇರಲಿಲ್ಲವಲ್ಲ! ವಿಮೆಯಲ್ಲಂತೂ ಈ ಪದ ಜನರ ಜೇಬಿಗೇ ತಟ್ಟುತ್ತದೆ. ಅಂಗಡಿ, ಗೋದಾಮುಗಳ ಬರ್ಗ್ಲರಿ ಪಾಲಿಸಿಗಳು ಸಾಮಾನ್ಯವಾಗಿ ಬಲಪ್ರಯೋಗದಿಂದ ಒಳಗೆ ಬಂದ ಅಥವಾ ಹೊರಗೆ ಹೋದ ಗುರುತು ಕೇಳುತ್ತವೆ. ಅಂಥ ಒಂದು ಪಾಲಿಸಿಯ ಬಗ್ಗೆ 2004ರಲ್ಲಿ ಸುಪ್ರೀಂ ಕೋರ್ಟ್, ಬಲಪ್ರಯೋಗವಿಲ್ಲದ ಬರೀ ಕಳವಿಗೆ ಪರಿಹಾರ ಸಲ್ಲದು ಎಂದು ತೀರ್ಪಿತ್ತಿದೆ. ಹಾಗಾಗಿ ಬೀಗ ಮುರಿದದ್ದು, ಶೆಟರ್ ಮೀಟಿದ್ದು ದೂರಿನಲ್ಲೇ ಬರಬೇಕು, ಅದರ ಫೋಟೊ ಇರಬೇಕು. 'ದರೋಡೆಯಾಗಿದೆ' ಎಂದಷ್ಟೇ ಬರೆದುಕೊಟ್ಟರೆ ಉಪಯೋಗವಿಲ್ಲ.

'ದರೋಡೆಕೋರರನ್ನು ಠಾಣೆಯಿಂದಲೇ ಬಿಟ್ಟು ಕಳಿಸಿದರು' ಎಂಬ ಸಿಟ್ಟಿನ ಹಿಂದೆಯೂ ಎಷ್ಟೋ ಸಲ ಇದೇ ಗೊಂದಲ ಇರುತ್ತದೆ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನಕ್ಕೆ ಪೊಲೀಸರು ಕಾರಣ ದಾಖಲಿಸಬೇಕು, ಬಂಧನ ಅಗತ್ಯವಿಲ್ಲದಿದ್ದರೆ ಬಂಧನ, ತನಿಖೆ, ವಿಚಾರಣೆಯ ವಿಧಾನ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ ಅಡಿ ಹಾಜರಾಗುವಂತೆ ನೋಟಿಸ್ ಕೊಡಬೇಕು. ಕಳವು ಈ ಮಿತಿಯೊಳಗೆ ಬರುತ್ತದೆ, ಸುಲಿಗೆ ಬರುವುದಿಲ್ಲ. ಕಳವಿನ ಪ್ರಕರಣವನ್ನು ದರೋಡೆ ಎಂದು ಓದಿದವರಿಗೆ ಪೊಲೀಸರು ಲಂಚ ತಿಂದು ಬಿಟ್ಟಂತೆ ಕಾಣುವುದು ಸಹಜ.

ವರದಿಗಾರರಿಗೆ ಮಾಡಬೇಕಾದ ಕೆಲಸ ದೊಡ್ಡದಲ್ಲ. ಎಫ್‌ಐಆರ್‌ನಲ್ಲಿ ಕಲಂ ಸಂಖ್ಯೆ ಇರುತ್ತದೆ, ಮೊದಲು ಅದನ್ನು ನೋಡಿ. ಅದು ಕೈಗೆ ಸಿಗದಿದ್ದರೆ ಮೂರು ಪ್ರಶ್ನೆ ಕೇಳಿ: ಅಲ್ಲಿ ಎದುರಿಗೆ ಯಾರಾದರೂ ಇದ್ದರೇ, ಅವರಿಗೆ ಹೊಡೆದರೇ ಅಥವಾ ಬೆದರಿಸಿದರೇ, ಬಂದವರು ಎಷ್ಟು ಮಂದಿ. ಸುದ್ದಿಸಂಸ್ಥೆಯ ಪ್ರತಿಯಲ್ಲಿ 'ಲೂಟೆಡ್' ಅಥವಾ 'ಹೈಸ್ಟ್' ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಸುದ್ದಿಯ ಒಡಲನ್ನು ಓದಿಯೇ ಪದ ಆರಿಸಬೇಕು. ಆನ್‌ಲೈನ್ ಮೋಸಕ್ಕೆ 'ವಂಚನೆ' ಸಾಕು. ತನಿಖೆ ಮುಗಿದು ದೋಷಾರೋಪ ಪಟ್ಟಿ ಸಲ್ಲಿಕೆಯಾದಾಗ ಕಲಂ ಬದಲಾಗುವುದುಂಟು. ಆಗ ಮುಂದಿನ ವರದಿಯಲ್ಲಿ ಪದವನ್ನೂ ಬದಲಿಸಿ.

– ಓದುಗ ವಕೀಲ, ಧಾರವಾಡ