ರಟ್ಲ್ಯಾಂಡ್‌ಗೆ ಒಂದು ಶನಿವಾರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ನೀನು ಕಳಿಸಿದ ಪ್ಲಾನ್ ನೋಡಿದೆ. ಬೆಳಗ್ಗೆ ರಟ್ಲ್ಯಾಂಡ್, ಮಧ್ಯಾಹ್ನ ಸ್ಟ್ಯಾಮ್‌ಫರ್ಡ್, ಸಂಜೆ ಕೇಂಬ್ರಿಡ್ಜ್. ಅಪ್ಪ ಅಮ್ಮ ಇಷ್ಟು ದೂರ ಬಂದಿದ್ದಾರೆ, ಆದಷ್ಟು ಜಾಸ್ತಿ ತೋರಿಸಬೇಕು ಅನ್ನೋ ನಿನ್ನ ಆಸೆ ಅರ್ಥವಾಗುತ್ತದೆ. ಆದರೂ ಇದು ಬೇಡ ಕಣೋ. ಇಡೀ ದಿನ ರಟ್ಲ್ಯಾಂಡ್‌ಗೇ ಕೊಡು.

ಇಂಗ್ಲೆಂಡಿನ ಹಳೆಯ ಕೌಂಟಿಗಳಲ್ಲೇ ಇದು ಅತಿ ಚಿಕ್ಕದು, ನಿಜ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 29 ಕಿಲೋಮೀಟರ್. ಜನಸಂಖ್ಯೆ 41 ಸಾವಿರದ ಆಸುಪಾಸು. ಪಟ್ಟಣ ಅನ್ನಬಹುದಾದ ಊರು ಎರಡೇ: ಓಕಮ್ ಮತ್ತು ಅಪ್ಪಿಂಗಮ್. 1974ರಲ್ಲಿ ಸರ್ಕಾರ ಇದನ್ನು ಲೆಸ್ಟರ್‌ಶೈರ್‌ಗೆ ಸೇರಿಸಿಬಿಟ್ಟಿತ್ತು. ಇಲ್ಲಿನವರು ಅದನ್ನು ಒಪ್ಪಲೇ ಇಲ್ಲ. 1997ರಲ್ಲಿ ತಮ್ಮ ಆಡಳಿತವನ್ನು ವಾಪಸ್ ಪಡೆದುಕೊಂಡರು. ಇಂಥ ಊರನ್ನು ಅರ್ಧ ದಿನದಲ್ಲಿ ಮುಗಿಸಿ ಓಡಿದರೆ ನನಗಂತೂ ಬೇಜಾರಾಗುತ್ತದೆ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಪೀಟರ್‌ಬರೋಗೆ ಬನ್ನಿ. ಅಲ್ಲಿ ಬರ್ಮಿಂಗ್‌ಹ್ಯಾಮ್ ಕಡೆ ಹೋಗುವ ರೈಲು ಹತ್ತಿದರೆ ಅರ್ಧ ಗಂಟೆ ಚಿಲ್ಲರೆಯಲ್ಲಿ ಓಕಮ್. ಈ ರೈಲು ಹೆಚ್ಚುಕಡಿಮೆ ಗಂಟೆಗೊಂದು, ಅದಕ್ಕೆ ಪೀಟರ್‌ಬರೋನಲ್ಲಿ ಸ್ವಲ್ಪ ಸಮಯ ಕೈಯಲ್ಲಿ ಇಟ್ಟುಕೋ. ನಾನು ಲೆಸ್ಟರ್‌ನಿಂದ ಕಾರು ತಂದು ಸ್ಟೇಷನ್ನಿನಲ್ಲೇ ಕಾಯುತ್ತೇನೆ. ಇಲ್ಲಿನ ದೊಡ್ಡ ಜಲಾಶಯದ ಸುತ್ತಲಿನ ಹಳ್ಳಿಗಳಿಗೆ ಬಸ್ಸು ನಂಬಿಕೊಂಡು ದೊಡ್ಡವರನ್ನು ಕರೆದುಕೊಂಡು ಹೋಗುವುದು ಬೇಡ.

ಶನಿವಾರವೇ ಬನ್ನಿ, ಅವತ್ತು ಓಕಮ್‌ನಲ್ಲಿ ಸಂತೆ ಇರುತ್ತದೆ. ಸಂತೆ ಹತ್ತಿರವೇ ಬಟರ್‌ಕ್ರಾಸ್ ಅಂತ ಕಂಬಗಳ ಮೇಲೆ ನಿಂತ ಹಳೆಯ ಮಂಟಪ. ಅದರಡಿ ಹಿಂದಿನ ಕಾಲದಲ್ಲಿ ತಪ್ಪು ಮಾಡಿದವರ ಕಾಲು ಸಿಕ್ಕಿಸುತ್ತಿದ್ದ ಮರದ ಕೋಳ ಇದೆ. ತೂತು ಎಷ್ಟಿವೆ ಅಂತ ನಿಮ್ಮಮ್ಮನ ಹತ್ತಿರ ಎಣಿಸಿಸು. ಐದು!

ಅಲ್ಲಿಂದ ನಾಲ್ಕು ಹೆಜ್ಜೆಗೆ ಓಕಮ್ ಕೋಟೆ. ಪ್ರವೇಶ ಉಚಿತ. ಬುರುಜು, ಕಂದಕ ಅಂತ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡ, ಮುಖ್ಯವಾಗಿ ಉಳಿದಿರುವುದು 12ನೇ ಶತಮಾನದ ಕಲ್ಲಿನ ಹಜಾರ ಒಂದೇ. ಆದರೆ ಒಳಗೆ ಕಾಲಿಟ್ಟರೆ ಗೋಡೆ ತುಂಬಾ ಕುದುರೆ ಲಾಳ! ಇನ್ನೂರಕ್ಕೂ ಹೆಚ್ಚು. ರಾಜಮನೆತನದವರಾಗಲಿ, ಶ್ರೀಮಂತ ಪ್ರಭುಗಳಾಗಲಿ, ಮೊದಲ ಸಲ ಈ ಊರಿಗೆ ಬಂದರೆ ಒಂದು ಲಾಳ ಕೊಡಬೇಕು ಅನ್ನೋದು ಇಲ್ಲಿನ ಪದ್ಧತಿ. ಕುದುರೆಗೆ ಕಟ್ಟುವ ಲಾಳವಲ್ಲ, ಕೆಲವು ಆಳೆತ್ತರಕ್ಕೆ ಹತ್ತಿರ ಇವೆ, ಮೇಲೆ ಕಿರೀಟ, ಹೆಸರು, ಬಣ್ಣ ಎಲ್ಲ ಇದೆ. ತೂಗುಹಾಕಿರುವ ರೀತಿ ಗಮನಿಸು. ಲಾಳದ ತುದಿ ಮೇಲಿದ್ದರೆ ಅದೃಷ್ಟ ಸೋರುವುದಿಲ್ಲ ಅಂತ ಬೇರೆ ಕಡೆ ಹೇಳುತ್ತಾರೆ. ಇಲ್ಲಿ ತುದಿಗಳು ಕೆಳಕ್ಕೆ. ಹಾಗಿದ್ದರೆ ಸೈತಾನನಿಗೆ ಅದರೊಳಗೆ ಕೂರೋಕೆ ಜಾಗ ಸಿಗುವುದಿಲ್ಲವಂತೆ. ಬಾಗಿಲಿಗೆ ಲಾಳ ಹೊಡೆದ ಮನೆಯಲ್ಲಿ ಬೆಳೆದ ನಿಮ್ಮಮ್ಮನಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಮಧ್ಯಾಹ್ನ ಪೂರ್ತಿ ನಿಮ್ಮಪ್ಪನವರದ್ದು. ನಾನು ಈ ಊರನ್ನೇ ಹೇಳಿದ್ದು ಅವರು ಹೇಮಾವತಿ ಯೋಜನೆಯಲ್ಲಿ ಕೆಲಸ ಮಾಡಿದವರು ಅಂತಲೇ. ಅವರು ಗೊರೂರಿನಲ್ಲಿದ್ದ ಅದೇ 1970ರ ದಶಕದಲ್ಲಿ ಇಲ್ಲಿ ಗ್ವಾಶ್ ಅನ್ನೋ ಪುಟ್ಟ ಹೊಳೆಗೆ ಅಡ್ಡಲಾಗಿ ಎಂಪಿಂಗಮ್ ಬಳಿ ಮಣ್ಣಿನ ಅಣೆಕಟ್ಟು ಕಟ್ಟಿದರು. ಅದೇ ರಟ್ಲ್ಯಾಂಡ್ ವಾಟರ್. ವಿಸ್ತಾರದಲ್ಲಿ ಇಂಗ್ಲೆಂಡಿನಲ್ಲೇ ಅತಿ ದೊಡ್ಡ ಜಲಾಶಯ. ಗ್ವಾಶ್ ಹೊಳೆಯ ನೀರು ಇದಕ್ಕೆ ಎಲ್ಲಿ ಸಾಲಬೇಕು? ವೆಲಂಡ್ ಮತ್ತು ನೀನ್ ನದಿಗಳಿಂದ ಪಂಪ್ ಮಾಡಿ ತುಂಬಿಸುತ್ತಾರೆ. ಕಟ್ಟೆ ಮೇಲೆಲ್ಲ ಹುಲ್ಲು ಬೆಳೆದಿದೆ, ಗೊತ್ತಿಲ್ಲದವರು ಸುಮ್ನೆ ಒಂದು ದಿಬ್ಬ ಅಂದುಕೊಂಡು ನಡೆದು ಹೋಗುತ್ತಾರೆ. ನಿಮ್ಮಪ್ಪ ಹಾಗೆ ಹೋಗಲಾರರು. ಅವರು ನಿಂತಲ್ಲಿ ನಾವೂ ನಿಲ್ಲೋಣ, ಅವಸರ ಬೇಡ.

ಆಮೇಲೆ ನಾರ್ಮಂಟನ್ ಚರ್ಚು. ಹೇಮಾವತಿ ಹಿನ್ನೀರಿನಲ್ಲಿರುವ ನಮ್ಮ ಶೆಟ್ಟಿಹಳ್ಳಿ ಚರ್ಚಿನ ಹಾಗೆಯೇ ನೀರಿನ ಜೊತೆ ಬದುಕುತ್ತಿರುವ ಕಟ್ಟಡ. ಜಲಾಶಯ ತುಂಬಿದರೆ ಇದರ ಕೆಳಭಾಗ ಮುಳುಗುತ್ತಿತ್ತು, ಕೆಡವುವ ಮಾತೂ ಇತ್ತು. ಜನ ಬಿಡಲಿಲ್ಲ. ಒಳಗೆ ಕಿಟಕಿಯ ಮಟ್ಟದವರೆಗೆ ಕಲ್ಲು ತುಂಬಿ ಕಾಂಕ್ರೀಟ್ ಹಾಕಿದರು, ಸುತ್ತ ಕಲ್ಲಿನ ದಂಡೆ ಕಟ್ಟಿದರು, ದಡದಿಂದ ಒಂದು ದಾರಿ ಮಾಡಿದರು. ಕಟ್ಟಡದ ಅರ್ಧದಷ್ಟು ನೀರಿನಿಂದ ಎದ್ದು ಬಂದಂತೆ ಕಾಣುವುದು ಇದಕ್ಕೇ. ಈಗ ಅಲ್ಲಿ ಮದುವೆಗಳು ನಡೆಯುತ್ತವೆ. ಶನಿವಾರ ಒಳಗೆ ಬಿಡದೇ ಇರಬಹುದು, ಹೊರಗಿಂದ ನೋಡಿದರೂ ಸಾಕು.

ಎಲ್ಲವೂ ಉಳಿಯಲಿಲ್ಲ. ಹ್ಯಾಂಬಲ್ಟನ್ ಅಂತ ಮೂರು ಕೇರಿಯ ಊರಿತ್ತು. ಕೆಳಗಿನದು ಹೋಯಿತು, ನಡುವಿನದರಲ್ಲಿ ಬಹುಪಾಲು ಹೋಯಿತು. ಮೇಲಿನ ಹ್ಯಾಂಬಲ್ಟನ್ ಮಾತ್ರ ಮೂರು ಕಡೆ ನೀರು ಇಟ್ಟುಕೊಂಡು ಇವತ್ತಿಗೂ ಇದೆ. ಅಲ್ಲಿಗೂ ಹೋಗೋಣ. ಮುಳುಗಡೆ ಊರುಗಳ ಬಗ್ಗೆ ನಿಮ್ಮಪ್ಪ ನಮ್ಮ ಹತ್ತಿರ ಯಾವತ್ತೂ ಜಾಸ್ತಿ ಮಾತಾಡಿದವರಲ್ಲ. ಅಲ್ಲಿ ಮಾತಾಡಿದರೆ ಕೇಳಿಸಿಕೊಳ್ಳಬೇಕು ಅಂತ ನನಗೆ ತುಂಬಾ ಆಸೆ.

ಜುಲೈನಲ್ಲೇ ಬನ್ನಿ, ಆಗಸ್ಟ್ ಕೊನೆಗೆ ತಳ್ಳಬೇಡ. ಕಾರಣ ಆಸ್ಪ್ರೆ, ಮೀನು ಹಿಡಿಯುವ ಹದ್ದು. ಇಂಗ್ಲೆಂಡಿನಲ್ಲಿ ಇವು ನೂರೈವತ್ತು ವರ್ಷ ಗೂಡು ಕಟ್ಟಿರಲಿಲ್ಲ. 1996ರಿಂದ ಸ್ಕಾಟ್ಲೆಂಡಿನ ಮರಿಗಳನ್ನು ತಂದು ಇಲ್ಲಿ ಬಿಟ್ಟರು, 2001ರಲ್ಲಿ ಮೊದಲ ಮರಿ ಆಯಿತು. ಬೇಸಿಗೆ ಮುಗಿಯುತ್ತಿದ್ದ ಹಾಗೆ ಅವು ಪಶ್ಚಿಮ ಆಫ್ರಿಕಾಕ್ಕೆ ಹೊರಟುಬಿಡುತ್ತವೆ. ಜಲಾಶಯದ ದಡದಲ್ಲಿರುವ ಲಿಂಡನ್ ಕೇಂದ್ರದಲ್ಲಿ ಟಿಕೆಟ್ ತೆಗೆದುಕೊಂಡು ಸ್ವಲ್ಪ ನಡೆದರೆ ಮರದ ಗುಡಿಸಲಿನ ಕಿಂಡಿಯಿಂದ ಗೂಡು ಕಾಣುತ್ತದೆ. ಹಕ್ಕಿ ಮೀನು ಹಿಡಿದು ಬಂದರೆ ಅದರ ಕಾಲು ನೋಡು. ಗಾಳಿ ಅಡ್ಡಬರದ ಹಾಗೆ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿ ಹಿಡಿದಿರುತ್ತದೆ.

ಜಲಾಶಯದ ಸುತ್ತ ಸೈಕಲ್ ಹೊಡೆಯೋಣ ಅಂದಿದ್ದೀಯ. ಹ್ಯಾಂಬಲ್ಟನ್ ಸೇರಿಸಿದರೆ 37 ಕಿಲೋಮೀಟರ್, ಅದು ನಾವಿಬ್ಬರೇ ಇನ್ನೊಮ್ಮೆ. ಹ್ಯಾರಿಂಗ್‌ವರ್ತ್ ಬಳಿಯ 82 ಕಮಾನಿನ ರೈಲು ಸೇತುವೆಯನ್ನು ಹೊತ್ತು ಉಳಿದರೆ ನೋಡೋಣ, ಇಲ್ಲವಾದರೆ ಬೇಡ.

ಊಟ ನಾನೇ ಕಟ್ಟಿಸಿಕೊಂಡು ಬರುತ್ತೇನೆ: ಚಪಾತಿ, ಪಲ್ಯ, ಮೊಸರನ್ನ. ನೀವು ಕೊಡೆ, ತೆಳುವಾದ ಸ್ವೆಟರ್ ತನ್ನಿ, ನೀರಿನ ಹತ್ತಿರ ಜುಲೈನಲ್ಲೂ ಗಾಳಿ ಜೋರು. ಯಾವ ಶನಿವಾರ ಅಂತ ಈ ವಾರವೇ ಹೇಳು, ಟಿಕೆಟ್ ಮೊದಲೇ ತೆಗೆದರೆ ಅಗ್ಗ. ಅಪ್ಪನವರಿಗೂ ಅಮ್ಮನಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ,
ರವಿ