ಹೊಣೆ ಹೊರುವ ಮುನ್ನ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಮುಂದಿನ ತಿಂಗಳಿನಿಂದ ಸಂಸ್ಥೆಯ ಹೊಣೆ ನಿನ್ನ ಹೆಗಲೇರುವುದೆಂದು ತಿಳಿದು ಬಹಳ ಸಂತೋಷವಾಯಿತು. ನೌಕರರ ವಿಶ್ವಾಸ ಗಳಿಸುವುದು ಹೇಗೆಂದು ಕೇಳಿದ್ದೀಯ. ಲೆಕ್ಕಪತ್ರ, ಮಾರುಕಟ್ಟೆಗಳನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಇದೊಂದನ್ನು ಮಾತ್ರ ನಾನು ತಪ್ಪು ಮಾಡಿ ಕಲಿತಿದ್ದೇನೆ.

ನಾನೊಂದು ವಿಭಾಗದ ಮುಖ್ಯಸ್ಥನಾಗಿದ್ದಾಗ ಕೆಲಸದ ಆರ್ಡರುಗಳು ಇದ್ದಕ್ಕಿದ್ದಂತೆ ಕುಗ್ಗಿದವು. ಪರಿಸ್ಥಿತಿ ತಿಳಿಯಾಗುವವರೆಗೆ ಯಾರಿಗೂ ಹೇಳುವುದು ಬೇಡ, ಸುಮ್ಮನೆ ಏಕೆ ಹೆದರಿಸಬೇಕು ಎಂದುಕೊಂಡು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಗಾಳಿಸುದ್ದಿ ಹಬ್ಬಿ, ಎಲ್ಲರಿಗಿಂತ ನುರಿತವರೇ ಮೊದಲು ಬೇರೆ ಕೆಲಸ ಹುಡುಕಿಕೊಂಡರು. ಹೊರಟ ಹಿರಿಯರೊಬ್ಬರು, "ದಿನವೂ ನಮ್ಮನ್ನು ಮಾತನಾಡಿಸುತ್ತಿದ್ದಿರಿ, ಇದನ್ನು ಮಾತ್ರ ಹೇಳಲಿಲ್ಲವಲ್ಲ" ಎಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆದುದರಿಂದ ಕೆಟ್ಟ ಸುದ್ದಿಯನ್ನು ಅವರು ಮೊದಲು ನಿನ್ನ ಬಾಯಿಂದಲೇ ಕೇಳಲಿ. ಇನ್ನೂ ತೀರ್ಮಾನವಾಗದಿರುವುದು ಯಾವುದು, ಅದು ಯಾವಾಗ ತಿಳಿಯುವುದು ಎಂಬುದನ್ನೂ ಜೊತೆಗೇ ಹೇಳು.

ನಷ್ಟ ಬಂದಾಗ ಅದರ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ಜನ ಕಣ್ಣಿಟ್ಟು ನೋಡುತ್ತಿರುತ್ತಾರೆ. 2008ರ ಆರ್ಥಿಕ ಕುಸಿತದ ಮರುವರ್ಷ ಅಮೆರಿಕದ ಬ್ಯಾರಿ-ವೆಮಿಲ್ಲರ್ ಎಂಬ ಯಂತ್ರೋಪಕರಣ ಸಂಸ್ಥೆಗೆ ಬೇಡಿಕೆ ತೀರ ಇಳಿದಾಗ, ಅದರ ಮುಖ್ಯಸ್ಥ ಬಾಬ್ ಚಾಪ್ಮನ್ ಕೆಲವರನ್ನು ಕೆಲಸದಿಂದ ತೆಗೆಯುವ ಬದಲು, ಮೇಲಿನವರಿಂದ ಕೆಳಗಿನವರವರೆಗೆ ಎಲ್ಲರೂ 4 ವಾರ ವೇತನವಿಲ್ಲದ ರಜೆ ತೆಗೆದುಕೊಳ್ಳುವಂತೆ ಮಾಡಿದರು. ಆಗ ಕೆಲವು ನೌಕರರು, ಸಂಬಳ ಬಿಡಲಾಗದ ಸಹೋದ್ಯೋಗಿಗಳ ಪಾಲಿನ ರಜೆಯನ್ನೂ ತಾವೇ ವಹಿಸಿಕೊಂಡರಂತೆ. ಇಂಥದ್ದನ್ನು ಯಾವ ಆದೇಶದಿಂದಲೂ ಮಾಡಿಸಲಾಗದು, ಮಗಳೇ.

ಇನ್ನು ತಪ್ಪುಗಳ ವಿಷಯ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಔಷಧಿ ಕೊಡುವಲ್ಲಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದುದೇ ಅದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ನಿನ್ನ ಮುಂದೆ ಬರುವ ವರದಿಗಳಲ್ಲಿ ತಿಂಗಳುಗಟ್ಟಲೆ ಒಂದು ತಪ್ಪೂ ಕಾಣದಿದ್ದರೆ ಸಮಾಧಾನಪಡಬೇಡ, ವಿಚಾರಿಸು. ಯಾರಾದರೂ ತಮ್ಮ ತಪ್ಪನ್ನು ತಾವೇ ಬಂದು ಹೇಳಿದರೆ, "ಹೀಗೇಕೆ ಮಾಡಿದಿರಿ?" ಎಂದು ಶುರುಮಾಡದೆ, "ಈಗ ಏನು ಮಾಡಬೇಕು, ನನ್ನಿಂದ ಏನಾಗಬೇಕು?" ಎಂದು ಕೇಳು, ನೀನು ಮೊದಲು ಕೇಳಿದ ಪ್ರಶ್ನೆ ಸಂಜೆಯೊಳಗೆ ಇಡೀ ಸಂಸ್ಥೆಗೆ ತಲುಪಿರುತ್ತದೆ.

ಬಹುಮಾನ, ಸಮಾರಂಭಗಳು ಬೇಡವೆನ್ನುವುದಿಲ್ಲ. ಬಡ್ತಿಯಲ್ಲಿ ಪಕ್ಷಪಾತವಿದ್ದರೆ ಅವುಗಳಿಂದ ಏನೂ ಉಪಯೋಗವಿಲ್ಲ.

ಮೊದಲ ವಾರ ಯಾವ ಬದಲಾವಣೆಯನ್ನೂ ಘೋಷಿಸಬೇಡ. ಪ್ರತಿ ವಿಭಾಗಕ್ಕೂ ನೀನೇ ಹೋಗಿ, ಅವರ ಕೆಲಸಕ್ಕೆ ಅಡ್ಡಿಯಾಗಿರುವುದೇನೆಂದು ಕೇಳಿ ಬರೆದುಕೊ. ಆಗುವುದನ್ನು ಮಾಡಿಕೊಡು, ಆಗದ್ದು ಏಕೆ ಆಗದೆಂದು ಹಿಂತಿರುಗಿ ಹೋಗಿ ಅವರಿಗೇ ತಿಳಿಸು. ಏನೇನು ಕೇಳಿದೆಯೆಂದು ನನಗೂ ಬರೆ.

ಇಂತು ನಿನ್ನ
ದೊಡ್ಡಪ್ಪ